ಮಾನದಂಡ ತಿದ್ದುವವರೆಗೆ ಕಾಯಬೇಕೇ?

ಮಾನ್ಯರೇ,

ಸಾಧನಗಳು ಪರಸ್ಪರ ಮಾತಾಡುವ ನಿಯಮಗಳಾದ ಪ್ರೋಟೊಕಾಲ್‌ನಲ್ಲೇ ದೋಷವಿದ್ದರೆ ಮಾನದಂಡ ಬರೆದವರೇ ತಿದ್ದಲಿ, ಆಪರೇಟಿಂಗ್ ಸಿಸ್ಟಂ ಕೈಹಾಕಬಾರದು ಎಂಬ ವಾದ ಅಪಾಯಕಾರಿ. 2017ರ ಅಕ್ಟೋಬರ್‌ನಲ್ಲಿ ಬಯಲಾದ ವೈ-ಫೈ ದೋಷ ‘ಕ್ರ್ಯಾಕ್’ ಅನ್ನೇ ನೋಡಿ. ಸಂಪರ್ಕ ಏರ್ಪಡುವಾಗ ರೂಟರ್ ಮತ್ತು ಫೋನ್ ನಡುವೆ ನಾಲ್ಕು ಸಂದೇಶಗಳು ಓಡಾಡುತ್ತವೆ. ಮೂರನೆಯದು ಮತ್ತೆ ಬಂದರೂ ಫೋನ್ ಸ್ವೀಕರಿಸಬೇಕು ಎನ್ನುತ್ತಿತ್ತು ಮಾನದಂಡ. ಹಾಗೆ ಸ್ವೀಕರಿಸಿದರೆ ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವ ಹಳೆಯ ಕೀ ಮತ್ತೆ ಸ್ಥಾಪನೆಯಾಗಿ, ಪ್ಯಾಕೆಟ್ (ಮಾಹಿತಿಯ ತುಣುಕು) ಎಣಿಕೆ ಮೊದಲಿಗೆ ಮರಳುತ್ತದೆ. ಒಂದೇ ಕೀ, ಒಂದೇ ಎಣಿಕೆಯಲ್ಲಿ ಎರಡು ಪ್ಯಾಕೆಟ್ ಹೊರಟರೆ ಗುಟ್ಟು ಉಳಿಯದು. ಆಂಡ್ರಾಯ್ಡ್ 6ರಲ್ಲಂತೂ ಬರೀ ಸೊನ್ನೆಗಳ ಕೀ ಕೂರುತ್ತಿತ್ತು! ಆ ಮರುಪ್ರಸಾರವನ್ನು ಒಪ್ಪದೆ ಮಾನದಂಡ ಮೀರಿದ್ದ ವಿಂಡೋಸ್, ಐಒಎಸ್‌ಗಳೇ ಈ ಮುಖ್ಯ ದಾಳಿಯಿಂದ ಪಾರಾದವು.

ದೋಷ ಮುಚ್ಚುವ ತೇಪೆ (ಪ್ಯಾಚ್) ಸರಳ: ಒಮ್ಮೆ ಕೂತ ಕೀಯನ್ನು ಮತ್ತೆ ಸ್ಥಾಪಿಸದಿರುವುದು. ಇದರಿಂದ ಹಳೆಯ ರೂಟರ್‌ಗಳೊಂದಿಗಿನ ಹೊಂದಾಣಿಕೆಯೂ ಕೆಡಲಿಲ್ಲ. ಹಳೆಯ ಆಂಡ್ರಾಯ್ಡ್ ಫೋನ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ದಿನಾಂಕ ನೋಡಲಿ. ಅದು 2017ರ ನವೆಂಬರ್ 6ಕ್ಕಿಂತ ಹಿಂದಿನದಾದರೆ ಫೋನ್ ಈ ದಾಳಿಗೆ ಇನ್ನೂ ತೆರೆದೇ ಇರುವ ಸಾಧ್ಯತೆ ಹೆಚ್ಚು. ಅಪ್‌ಡೇಟ್ ಬಾರದ ಫೋನ್‌ಗಳಿಗಾಗಿ, ಓಪನ್‌ಡಬ್ಲ್ಯುಆರ್‌ಟಿಯಂಥ ತಂತ್ರಾಂಶವಿರುವ ರೂಟರ್‌ಗಳಲ್ಲಿ ಕೀ ಸಂದೇಶದ ಮರುಪ್ರಸಾರವನ್ನೇ ನಿಲ್ಲಿಸಬಹುದು. ಆದರೆ ಸಿಗ್ನಲ್ ಕ್ಷೀಣವಿರುವ ಕಡೆ ಸಂಪರ್ಕ ತಪ್ಪಬಹುದು. ಹೀಗಾಗಿ ತೇಪೆ ಫೋನಿನಲ್ಲೇ ಬೀಳಬೇಕು, ತಯಾರಕರು ಅದನ್ನು ಕೂಡಲೇ ಕೊಡಬೇಕು.

– ನೆಟ್‌ವರ್ಕ್ ಎಂಜಿನಿಯರ್, ಮೈಸೂರು