ಎಂಸಿಬಿ ಬೀಳಲಿಲ್ಲ ಯಾಕೆ?

ಮಾನ್ಯರೇ,

ತಿಪಟೂರಿನಲ್ಲಿ 22 ವರ್ಷದಿಂದ ಮನೆ ವೈರಿಂಗ್ ಮಾಡಿಕೊಂಡಿದ್ದೇನೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ‘ಎಂಸಿಬಿ ಹಾಕ್ಸಿದ್ದೀವಲ್ಲಪ್ಪ, ಆದ್ರೂ ಗ್ರೈಂಡರ್ ಮುಟ್ಟಿದ್ರೆ ಯಾಕೆ ಜುಂ ಅನ್ನುತ್ತೆ?’

ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಅದು ಕಾಯುವುದು ವೈರನ್ನು, ನಮ್ಮನ್ನಲ್ಲ. 16 ಆಂಪಿಯರಿನದು ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನ ಜೀವ ಹೋಗಲು ಅದರ ನೂರನೇ ಒಂದು ಪಾಲು ಸಾಕು. ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲಿನಲ್ಲಿ ವಾಪಸು ಬಂತೇ ಎಂದು ಲೆಕ್ಕ ನೋಡುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್. ಲೆಕ್ಕ ತಪ್ಪಿದರೆ ಕರೆಂಟ್ ಎಲ್ಲೋ ಸೋರುತ್ತಿದೆ ಎಂದರ್ಥ, ನಮ್ಮ ಮೈ ಮೂಲಕವೂ ಇರಬಹುದು. ಮನೆಗೆ ಹಾಕುವಂಥದ್ದು 30 ಮಿಲಿಆಂಪಿಯರ್ (ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು) ಸೋರುವಷ್ಟರಲ್ಲಿ ಬಿದ್ದುಬಿಡುತ್ತದೆ.

ಹೋದ ತಿಂಗಳು ಒಂದು ಮನೆಗೆ ಹೋಗಿದ್ದೆ. ಶಾಕ್ ಹೊಡೆಯುತ್ತದೆಂದು ಅಜ್ಜಿ ಮರದ ಮಣೆ ಮೇಲೆ ನಿಂತು ದೋಸೆಹಿಟ್ಟು ರುಬ್ಬುತ್ತಿದ್ದರು! (ಅಜ್ಜಿಯ ಬುದ್ಧಿ ತಪ್ಪೇನಲ್ಲ, ಒಣ ಮರದಲ್ಲಿ ಕರೆಂಟ್ ಸುಲಭಕ್ಕೆ ಹರಿಯದು. ಆದರೆ ಒದ್ದೆ ಕೈ ನಲ್ಲಿಗೆ ತಗುಲಿದರೆ ಮಣೆ ಏನು ಮಾಡೀತು?) ಪ್ಲಗ್ ನೋಡಿದರೆ, ಎರಡು ತೂತಿನ ಎಕ್ಸ್‌ಟೆನ್ಶನ್ನಿಗೆ ಕೂರಲೆಂದು ಮೇಲಿನ ದಪ್ಪ ಪಿನ್ನನ್ನೇ ಯಾರೋ ಕತ್ತರಿಸಿದ್ದರು. ಅದೇ ಅರ್ಥಿಂಗ್ ಪಿನ್, ಗ್ರೈಂಡರಿನ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಹೊರಗೆ ಇದ್ದಿಲು, ಉಪ್ಪು ಹಾಕಿ ಮಾಡಿದ್ದ ಅರ್ಥಿಂಗ್ ಗುಂಡಿಯ ಮೇಲೆ ಕಾರು ನಿಲ್ಲಿಸಲು ಟೈಲ್ಸ್ ಹಾಕಿಬಿಟ್ಟಿದ್ದರು. ಗುಂಡಿ ಒಣಗದಂತೆ ಬೇಸಿಗೆಯಲ್ಲಿ ಎರಡು ಕೊಡ ನೀರು ಹೊಯ್ಯಲೂ ಜಾಗವಿಲ್ಲ.

ಪ್ಲಗ್ಗೂ ಸಾಕೆಟ್ಟೂ ಬದಲಿಸಿ, ಗುಂಡಿಯ ಮೇಲಿನ ಟೈಲ್ಸ್ ತೆಗೆಸಿ, ಆರ್‌ಸಿಸಿಬಿ ಕೂರಿಸಿ ಬಂದೆ. ಅದರ ಮೇಲೆ ‘ಟಿ’ ಎಂಬ ಪುಟ್ಟ ಬಟನ್ ಇರುತ್ತದೆ. ಓದುಗರು ತಿಂಗಳಿಗೊಮ್ಮೆ ಒತ್ತಿ ನೋಡಲಿ. ಆರ್‌ಸಿಸಿಬಿ ಬೀಳದಿದ್ದರೆ ವೈರ್‌ಮನ್ನನ್ನು ಕರೆಯಲಿ.

– ಒಬ್ಬ ವೈರ್‌ಮನ್, ತಿಪಟೂರು