ಸ್ವೆಟರ್ ವಿಚಾರವಾಗಿ ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಚಳಿಗಾಲ ಶುರುವಾದ ಮೇಲೆ ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ಒಂದು ಹೊಸ ನಿಯಮ ತಂದಿದ್ದೇವೆ. ಬರುವಾಗ ಸ್ವೆಟರ್ ಇರಲೇಬೇಕು. ತರಗತಿಗೆ ಬಂದ ಮೇಲೆ ಸೆಕೆ ಅನ್ನಿಸಿದರೆ ಮಗು ಯಾರನ್ನೂ ಕೇಳದೆ ಅದನ್ನು ತೆಗೆದು ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದು.

ಇದಕ್ಕೆ ಕೆಲವರು ಬೇಸರ ಮಾಡಿಕೊಂಡಿದ್ದೀರಿ. ಹೋದ ವಾರ ಗೇಟಿನ ಹತ್ತಿರ ಒಬ್ಬ ತಾಯಿ, "ಮೇಡಂ, ಬೆಳಿಗ್ಗೆ ಕಿವಿ ಮುಚ್ಚೋ ಹಾಗೆ ಟೋಪಿ ಹಾಕಿ ಕಳಿಸ್ತೀನಿ. ಸಂಜೆ ಬರೀ ಶರ್ಟಲ್ಲಿ ಬರ್ತಾನೆ. ಈಗ ನೆಗಡಿ. ನೀವ್ಯಾಕೆ ತೆಗೆಸ್ತೀರಿ?" ಎಂದು ಕೇಳಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಮೂಗು ಕಟ್ಟಿದ ಮಗು ರಾತ್ರಿಯಿಡೀ ಒದ್ದಾಡಿದರೆ ಮನೆಯವರಿಗೆ ನಿದ್ದೆ ಎಲ್ಲಿ?

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಟೀಚರ್‌ಗಳು ಯಾರ ಸ್ವೆಟರನ್ನೂ ತೆಗೆಸುತ್ತಿಲ್ಲ. ಸೆಕೆಯಾದಾಗ ಮಗುವೇ ತೆಗೆಯುತ್ತದೆ, ಚಳಿಯಾದಾಗ ಮಗುವೇ ಹಾಕಿಕೊಳ್ಳುತ್ತದೆ.

ನಮ್ಮೂರಿನ ಚಳಿ ನಿಮಗೆ ಗೊತ್ತಿರುವುದೇ. 1884ರ ಜನವರಿಯಲ್ಲಿ ಬೆಂಗಳೂರು 7.8 ಡಿಗ್ರಿಗೆ ಇಳಿದ ದಾಖಲೆ ಇದೆ. ಈಗ ಜನವರಿಯ ಮುಂಜಾನೆ ಸಾಮಾನ್ಯವಾಗಿ 16 ಡಿಗ್ರಿ ಆಸುಪಾಸು, ಮಧ್ಯಾಹ್ನ 27 ದಾಟುತ್ತದೆ. ಸ್ಕೂಟರ್ ಮೇಲೆ ಅಪ್ಪನ ಹಿಂದೆ ಕೂತು ಬರುವಾಗ ಬೇಕಾದ ಬಟ್ಟೆ, ನಲವತ್ತು ಮಕ್ಕಳು ಕೂತ ಕೋಣೆಯಲ್ಲಿ, ಅದೂ ಆಟದ ಪೀರಿಯಡ್ ಮುಗಿಸಿ ಓಡಿಬಂದ ಮೇಲೆ, ಬೇಕಾಗುವುದಿಲ್ಲ ಅಲ್ವಾ?

ಮೂರನೇ ತರಗತಿಯಲ್ಲಿ ಮೊನ್ನೆ ಒಂದು ಪ್ರಯೋಗ ಮಾಡಿಸಿದೆವು. ಮೂರು ಬೋಗುಣಿ. ಒಂದರಲ್ಲಿ ತಣ್ಣೀರು, ಒಂದರಲ್ಲಿ ಕೈ ತಡೆಯುವಷ್ಟು ಬಿಸಿನೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಒಂದು ಕೈ ತಣ್ಣೀರಲ್ಲಿ, ಇನ್ನೊಂದು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ನಡುವಿನ ಬೋಗುಣಿಗೆ ಹಾಕಬೇಕು. ಒಬ್ಬ ಹುಡುಗಿ ಕಣ್ಣರಳಿಸಿ, "ಮಿಸ್, ಈ ಕೈಗೆ ಬಿಸಿ, ಈ ಕೈಗೆ ತಣ್ಣಗೆ!" ಎಂದಳು. ನೀರು ಒಂದೇ, ಕೈಗಳೂ ಅವಳವೇ. ಚರ್ಮ ಇಷ್ಟು ಡಿಗ್ರಿ ಎಂದು ಅಳೆಯುವುದಕ್ಕಿಂತ ಹೆಚ್ಚಾಗಿ ಬದಲಾವಣೆಯನ್ನು ಗಮನಿಸುತ್ತದೆ. ಒಂದೇ ಮಗುವಿನ ಎರಡು ಕೈ ಬೇರೆ ಬೇರೆ ಹೇಳುವಾಗ, ಮನೆಯಲ್ಲಿ ಕೂತ ನಮಗೆ ಚಳಿ ಅನ್ನಿಸಿತು ಅಂತ ಮೈದಾನದಲ್ಲಿ ಓಡುತ್ತಿರುವ ಮಗುವಿಗೂ ಚಳಿಯಾಗುತ್ತಿದೆ ಎಂದು ಹೇಗೆ ಹೇಳೋಣ?

ಈ ಅರಿವು ಹೇಗೆ ಬರುತ್ತದೆ ಎಂದು ಕಂಡುಹಿಡಿದವರಿಗೆ 2021ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಮೆಣಸಿನಕಾಯಿಯ ಖಾರದ ಅಂಶವನ್ನೇ ಹಿಡಿದುಕೊಂಡು ಹೋಗಿ, ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಪ್ರೋಟೀನನ್ನು ಪತ್ತೆ ಮಾಡಿತು. ಅದು ಸುಮಾರು 43 ಡಿಗ್ರಿಗೆ ಎಚ್ಚರಗೊಳ್ಳುತ್ತದೆ. ಖಾರ ತಿಂದರೆ ಬಾಯಿ ಉರಿಯುವುದೂ ಇದರಿಂದಲೇ. ಪುದೀನ ಜಾತಿಯ ಗಿಡಗಳಲ್ಲಿರುವ ಮೆಂಥಾಲ್ ಬಳಸಿ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆ ಬೇರೆಯಾಗಿ ತಂಪನ್ನು ಗುರುತಿಸುವ ಪ್ರೋಟೀನನ್ನೂ 2002ರಲ್ಲಿ ಕಂಡುಕೊಂಡರು. ಇಂಥ ಸುದ್ದಿಯೆಲ್ಲ ಮಿದುಳಿನ ಹೈಪೋಥಲಾಮಸ್ ಎಂಬ ಪುಟ್ಟ ಭಾಗಕ್ಕೆ ಹೋಗುತ್ತದೆ. ಮೈ 37 ಡಿಗ್ರಿ ಆಸುಪಾಸಿನಲ್ಲೇ ಇರುವಂತೆ ಅದು ನೋಡಿಕೊಳ್ಳುತ್ತದೆ. ಬಿಸಿಯಾದರೆ ಬೆವರು, ಚಳಿಯಾದರೆ ನಡುಕ. ಇದರ ಜೊತೆಗೆ ಇನ್ನೊಂದು ದಾರಿಯೂ ಇದೆ. ಬಟ್ಟೆ ತೆಗೆಯುವುದು, ಹಾಕಿಕೊಳ್ಳುವುದು, ನೆರಳಿಗೆ ಸರಿಯುವುದು. ನಮ್ಮ ಕಾಂಪೌಂಡಿನ ಓತಿಕ್ಯಾತ ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತದೆ, ಕಲ್ಲು ಕಾದ ಮೇಲೆ ಸಂದಿಗೆ ಸೇರುತ್ತದೆ. ಅದಕ್ಕೆ ಯಾರೂ ಹೇಳಿಕೊಡುವುದಿಲ್ಲ.

ಇನ್ನು ಮಕ್ಕಳ ಮೈ. ತೂಕಕ್ಕೆ ಹೋಲಿಸಿದರೆ ಅವರಿಗೆ ಚರ್ಮ ಜಾಸ್ತಿ. ಹಾಗಾಗಿ ಬೇಗ ತಣ್ಣಗಾಗುತ್ತಾರೆ, ಬೇಗ ಬಿಸಿಯೂ ಆಗುತ್ತಾರೆ. ದೊಡ್ಡವರಷ್ಟು ಬೆವರುವುದೂ ಇಲ್ಲ. ಸ್ವೆಟರ್ ತಾನಾಗಿ ಬಿಸಿ ಕೊಡುವುದಿಲ್ಲ, ಮೈಯ ಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಓಡಿ ದಣಿದ ಮಗುವಿಗೆ ಅದನ್ನೇ ಹಾಕಿಸಿ ಕೂರಿಸಿದರೆ ಒಳಗಿನ ಬನಿಯನ್ ಒದ್ದೆಯಾಗುತ್ತದೆ, ಆಮೇಲೆ ಗಾಳಿ ಬೀಸಿದಾಗ ಚಳಿ ಇನ್ನೂ ಜಾಸ್ತಿ. ಕಿಟಕಿ ಪಕ್ಕದ ಬೆಂಚಿನಲ್ಲಿ ಕೆನ್ನೆ ಕೆಂಪಗಾಗಿ, ಕತ್ತಿನ ಹತ್ತಿರ ಬೆವರು ಇಳಿಯುತ್ತಿದ್ದರೂ "ಅಮ್ಮ ಬೈತಾರೆ" ಎಂದು ಗುಂಡಿ ಬಿಚ್ಚದೆ ಕೂತ ಮಗುವನ್ನು ನಾನೇ ನೋಡಿದ್ದೇನೆ. ಅದು ನನಗೆ ತುಂಬಾ ಕಷ್ಟವಾಯಿತು.

ನೆಗಡಿ ತರುವುದು ವೈರಸ್. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಒತ್ತೊತ್ತಾಗಿ ಕೂತಾಗ ಅದು ಒಬ್ಬರಿಂದೊಬ್ಬರಿಗೆ ಸುಲಭವಾಗಿ ದಾಟುತ್ತದೆ. ಅದಕ್ಕೇ ನಮ್ಮ ತರಗತಿಗಳಲ್ಲಿ ಕಿಟಕಿ ತೆರೆದಿರುತ್ತೇವೆ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸುತ್ತೇವೆ.

ಆಸ್ತಮಾ ಇರುವ, ಜ್ವರದಿಂದ ಎದ್ದು ಬಂದ ಮಕ್ಕಳ ವಿಚಾರ ಬೇರೆ. ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ, ಟೀಚರ್ ನೋಡಿಕೊಳ್ಳುತ್ತಾರೆ. ಸಂಜೆ ವ್ಯಾನ್ ಹತ್ತುವ ಮುಂಚೆ "ಚಳಿ ಆಗ್ತಿದೆಯಾ, ಸ್ವೆಟರ್ ಹಾಕ್ಕೋ" ಎಂದು ಆಯಾ ಅವರೂ ನೆನಪಿಸುತ್ತಾರೆ. ಮನೆಯ ಅಜ್ಜಿ ತಾತಂದಿರಿಗೂ ದಯವಿಟ್ಟು ಇದನ್ನು ತಿಳಿಸಿ. ಅವರ ಪ್ರೀತಿಯನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ನಿಯಮ ಹಾಗೇ ಇರುತ್ತದೆ. ಸೆಕೆಯೋ ಚಳಿಯೋ ಎಂಬುದನ್ನು ಶಾಲೆಯಲ್ಲಿ ಮಗುವೇ ಹೇಳಬೇಕು.

ಆಫೀಸಿನಲ್ಲಿ ಒಂದೇ ಬಣ್ಣದ, ಒಂದೇ ಅಳತೆಯ ಸ್ವೆಟರ್‌ಗಳು ರಾಶಿ ಬಿದ್ದಿವೆ, ಆದ್ದರಿಂದ ಸೋಮವಾರದೊಳಗೆ ಕಾಲರಿನ ಒಳಗೆ ಮಗುವಿನ ಹೆಸರು ಮತ್ತು ತರಗತಿ ಹೊಲಿದು ಕಳಿಸಿ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯಿನಿ