ಬಾನೆಟ್ ಮೇಲಿನ ಬೊಂಬೆಯನ್ನು ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಸಿದ್ದಾಪುರದಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಹಳೇ ಕಾರುಗಳ ಮೂತಿಯ ಮೇಲಿರುತ್ತಿದ್ದ ಬೊಂಬೆಗಳನ್ನು ಇಪ್ಪತ್ತು ವರ್ಷದಿಂದ ಕೂಡಿಡುತ್ತಿದ್ದೇನೆ. ಹದಿನಾಲ್ಕು ಸಿಕ್ಕಿವೆ. ಹದಿನೈದನೆಯದು ಹೋದ ತಿಂಗಳು ಕೈತಪ್ಪಿತು. ಒಂದು ತೋಟದ ಶೆಡ್ ಖಾಲಿ ಮಾಡುವಾಗ ಹಳೇ ಪ್ಲಿಮತ್ ಕಾರಿನ ಹಡಗಿನ ಬೊಂಬೆ ಗುಜರಿಗೆ ಹೋಯಿತು. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಜನರನ್ನು ಕರೆದೊಯ್ದ ಮೇಫ್ಲವರ್ ಹಡಗಿನ ರೂಪ ಅದು. ನಾನು ಓಡಿ ಹೋಗುವಷ್ಟರಲ್ಲಿ ತಗಡಿನ ಜೊತೆ ಲಾರಿ ಹತ್ತಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಮೊದಲೆಲ್ಲ ಎಂಜಿನ್ ತಣಿಸುವ ನೀರಿನ ರೇಡಿಯೇಟರ್ ಕಾರಿನ ಮುಂದೆ ಹೊರಗೇ ಇರುತ್ತಿತ್ತು. ಅದರ ಮುಚ್ಚಳವೇ ಬೊಂಬೆಗೆ ಪೀಠ. ಕೆಲವರು ಅಲ್ಲಿ ಬಾಯ್ಸ್ ಮೋಟೋಮೀಟರ್ ಕೂರಿಸುತ್ತಿದ್ದರು. ನೀರು ಎಷ್ಟು ಕಾದಿದೆ ಅಂತ ಡ್ರೈವರ್ ಸೀಟಿನಿಂದಲೇ ನೋಡಬಹುದಿತ್ತು. ಸಂಪಾಜೆ ಘಾಟಿ ಹತ್ತುವವರಿಗೆ ಅದಕ್ಕಿಂತ ಬೇಕಾದ್ದು ಇನ್ನೇನು, ಅಲ್ವಾ? ರೋಲ್ಸ್ ರಾಯ್ಸ್‌ನ ರೆಕ್ಕೆಯ ಹೆಣ್ಣನ್ನು 1911ರಲ್ಲಿ ರೂಪಿಸಿದ ಚಾರ್ಲ್ಸ್ ಸೈಕ್ಸ್ ಒಬ್ಬ ಶಿಲ್ಪಿ. ಅಂಗೈ ಅಗಲದ ಈ ಬೊಂಬೆಗಳು ಶಿಲ್ಪಗಳೇ.

ಇನ್ನೊಂದು ಮಾತು. ದಯವಿಟ್ಟು ಬಫಿಂಗ್, ಅಂದರೆ ಮೆಷಿನ್ನಿನಲ್ಲಿ ಉಜ್ಜಿ ಪಾಲಿಶ್, ಮಾಡಿಸಬೇಡಿ. ನನ್ನ ಪಾಂಟಿಯಾಕ್ ಬೊಂಬೆ ಒಬ್ಬ ರೆಡ್ ಇಂಡಿಯನ್ ನಾಯಕನ ತಲೆ. ಹೊಳಪು ಬರಲಿ ಅಂತ ಬಫಿಂಗಿಗೆ ಕೊಟ್ಟೆ. ಹಿಂದಕ್ಕೆ ಬಾಗಿದ ಗರಿಗಳ ಮೇಲೆ ಕೂದಲೆಳೆಯಂಥ ಗೆರೆಗಳಿದ್ದವು. ಹೆಬ್ಬೆರಳು ಸವರಿದರೆ ಒಂದೊಂದೂ ತಾಗುತ್ತಿತ್ತು. ವಾಪಸ್ ಬಂದಾಗ ಎಲ್ಲಾ ಸಪಾಟು. ಮೂಗೂ ಸವೆದಿತ್ತು. ಹಳೇ ಬೊಂಬೆಗಳಲ್ಲಿ ಹಿತ್ತಾಳೆ, ಕಂಚು ಜಾಸ್ತಿ. ಆಮೇಲಿನವು ಹೆಚ್ಚಾಗಿ ಸತುವಿನ ಎರಕ, ಮೇಲೆ ಕ್ರೋಮ್. ನಮ್ಮ ಮಳೆಗಾಲದ ತೇವಕ್ಕೆ ಸತು ಒಳಗಿಂದಲೇ ಬಿಳಿ ಪುಡಿ ಬಿಟ್ಟು ಕ್ರೋಮ್ ಗುಳ್ಳೆ ಏಳುತ್ತದೆ. ಅದನ್ನು ಉಜ್ಜಿದರೆ ಲೇಪವೇ ಕಿತ್ತುಬರುತ್ತದೆ. ಹುಣಸೆಹುಳಿ ಮುಟ್ಟಿಸಲೇಬೇಡಿ. ಸೋಪಿನ ನೀರಿನಲ್ಲಿ ಮೆತ್ತಗೆ ಒರೆಸಿ, ಪೂರ್ತಿ ಒಣಗಿಸಿ, ತೆಳ್ಳಗೆ ವ್ಯಾಕ್ಸ್ ಹಚ್ಚಿದರೆ ಸಾಕು.

ಮಡಿಕೇರಿ ಕೋಟೆಯ ಹಳೇ ಚರ್ಚಿನಲ್ಲಿರುವ ಸರ್ಕಾರಿ ಮ್ಯೂಸಿಯಂನಲ್ಲಿ ಇವಕ್ಕೆ ಒಂದು ಗಾಜಿನ ಕಪಾಟು ಸಿಗಬೇಕು. ನನ್ನ ಹದಿನಾಲ್ಕನ್ನೂ ಪುಕ್ಕಟೆ ಕೊಡುತ್ತೇನೆ. ಯಾವ ಕಾರಿನದು, ಯಾವ ತೋಟದಲ್ಲಿ ಓಡಿತ್ತು ಅಂತ ಪ್ರತಿಯೊಂದಕ್ಕೂ ಚೀಟಿ ಬರೆದಿಟ್ಟಿದ್ದೇನೆ. ನಿಮ್ಮ ಶೆಡ್ಡಿನಲ್ಲೂ ಒಂದು ಇದ್ದರೆ ತೂಕಕ್ಕೆ ಹಾಕುವ ಮೊದಲು ಮನೆಯ ಹಿರಿಯರನ್ನು ಕೇಳಿ, ಚೀಟಿ ಬರೆದಿಡಿ.

ಇಂತಿ,
ಗ್ಯಾರೇಜ್ ಮೆಕ್ಯಾನಿಕ್, ಸಿದ್ದಾಪುರ, ಕೊಡಗು